ಕೊನೆಯ ಪುಟ ಮೊದಲು ಓದುವವರ ಜೊತೆ

ನನ್ನ ಗಂಡನಿಗೆ ಒಂದು ಕೆಟ್ಟ ಚಾಳಿ ಇದೆ. ಪತ್ತೇದಾರಿ ಕಾದಂಬರಿ ಕೈಗೆ ಸಿಕ್ಕರೆ ಮೊದಲು ಕೊನೆಯ ಪುಟ ಓದುತ್ತಾರೆ. ಓದಿ ಬಾಯಿಮುಚ್ಚಿಕೊಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮದುವೆಯಾದ ಹೊಸದರಲ್ಲಿ ಜಯನಗರದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ವಾರಕ್ಕೆರಡು ಪುಸ್ತಕ ತರುತ್ತಿದ್ದೆ. ನಾನಿನ್ನೂ ಇಪ್ಪತ್ತನೇ ಪುಟದಲ್ಲಿರುವಾಗ ಇವರು ಆಫೀಸಿನಿಂದ ಬಂದು, ಷೂ ಕೂಡ ಬಿಚ್ಚದೆ ಪುಸ್ತಕ ಎತ್ತಿ ಹಿಂದಿನಿಂದ ತಿರುವಿ, "ಅಡುಗೆಯವನೇ ಕಣೆ" ಅಂದುಬಿಡುತ್ತಿದ್ದರು. ಸಿನಿಮಾಕ್ಕೆ ಹೋದರೆ ಇಂಟರ್‌ವಲ್‌ನಲ್ಲಿ ಯಾರನ್ನೋ ವಿಚಾರಿಸಿಕೊಂಡು ಬಂದು ಪಾಪ್‌ಕಾರ್ನ್ ಜೊತೆ ಕೊಲೆಗಾರನನ್ನೂ ಕೈಗಿಡುತ್ತಿದ್ದರು. ಧಾರಾವಾಹಿಗಳ ಮಾತಂತೂ ಬೇಡ.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು. ಹಂತಗಳನ್ನು ಬರೆಯದೆ ಬರೀ ಉತ್ತರ ಬರೆದಿದ್ದರೆ, ಉತ್ತರ ಎಷ್ಟೇ ಸರಿಯಿದ್ದರೂ ಸೊನ್ನೆ ಸುತ್ತುತ್ತಿದ್ದೆ. ಪಕ್ಕದವರ ಪೇಪರ್ ಇಣುಕಿ ಬರೆಯುವ ಮಕ್ಕಳನ್ನು ಕ್ಲಾಸಿನ ಈ ಮೂಲೆಯಿಂದಲೇ ಹಿಡಿಯುತ್ತಿದ್ದೆ. ಅಂಥವಳಿಗೆ ಇಂಥ ಗಂಡ.

ನಾನು ರಿಟೈರ್ ಆದ ಮೇಲೆ, ಹುಳಿಮಾವಿನಲ್ಲಿರುವ ಮಗಳು ತನ್ನ ಹಳೆಯ ಗೇಮ್ ಮೆಷಿನ್ ತಂದು ಜೆ.ಪಿ. ನಗರದ ನಮ್ಮ ಮನೆಯ ಟೀವಿಗೆ ಸಿಕ್ಕಿಸಿದಳು. "ಆಡಮ್ಮ. ಇದರಲ್ಲಿ ಕೊನೇ ಪುಟ ಅಂತ ಇರಲ್ಲ. ಅಪ್ಪ ಏನೂ ಮಾಡಕ್ಕಾಗಲ್ಲ" ಅಂದಳು. ತನ್ನ ಅಪ್ಪನನ್ನು ಇಷ್ಟು ವರ್ಷ ನೋಡಿಯೂ ಹಾಗಂದಳಲ್ಲ! ಮೊದಲನೇ ಆಟ ಅರ್ಧಕ್ಕೆ ಬಂದಿತ್ತಷ್ಟೆ. ಇವರು ಪಾರ್ಕಿನ ಬೆಂಚಿನ ಮೇಲೆ ಕೂತು, ಯಾರೋ ಆ ಆಟ ಆಡಿ ಮುಗಿಸಿ ಹಾಕಿದ್ದ ವಿಡಿಯೋವನ್ನು ಮೊಬೈಲಿನಲ್ಲಿ ಹುಡುಕಿ, ಬರೀ ಕೊನೆಯ ಐದು ನಿಮಿಷ ನೋಡಿಕೊಂಡು ಬಂದರು. ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುತ್ತಾ "ರಾಣಿ ಸತ್ತೇ ಇಲ್ಲ ಕಣೆ" ಅಂದರು. ನಾನು ಮೂರು ದಿನ ಮಾತು ಬಿಟ್ಟೆ.

ಎರಡನೇ ಆಟಕ್ಕೆ ಮೊದಲು ಇವರನ್ನು ದೇವರಮನೆ ಬಾಗಿಲಲ್ಲಿ ನಿಲ್ಲಿಸಿ ಆಣೆ ಮಾಡಿಸಿದೆ. ಮೊಬೈಲಿನಲ್ಲಿ ನೋಡುವ ಹಾಗಿಲ್ಲ, ಯಾರನ್ನೂ ಕೇಳುವ ಹಾಗಿಲ್ಲ. ಜೀವನದಲ್ಲಿ ಒಂದೇ ಒಂದು ಸಲ, ಕಳ್ಳ ಯಾರು ಅಂತ ನಾನೇ, ನನ್ನ ತಲೆಯಿಂದಲೇ ಕಂಡುಹಿಡಿಯಬೇಕಿತ್ತು. ಅದು ನನಗೆ ಹಟವಾಗಿಬಿಟ್ಟಿತ್ತು.

ಆಟದ ಕಥೆ ಹೀಗೆ. ಬೆಟ್ಟದ ಮೇಲೊಂದು ಕೋಟೆ. ಪ್ರತಿ ಅಮಾವಾಸ್ಯೆಗೆ ನೆರಳಿನಂಥ ಪ್ರಾಣಿಗಳು ಒಳಗೆ ನುಗ್ಗುತ್ತವೆ. ಒಳಗಿನವರೇ ಯಾರೋ ಹಿಂಬಾಗಿಲು ತೆಗೆಯುತ್ತಿದ್ದಾರೆ. ನಾನೊಬ್ಬಳು ಕಾವಲುಗಾರ್ತಿ. ಕತ್ತಿ ಹಿಡಿದು ಪ್ರಾಣಿಗಳ ಜೊತೆ ಹೊಡೆದಾಡುತ್ತಾ, ಕೋಟೆಯ ಜನರನ್ನು ಮಾತಾಡಿಸುತ್ತಾ, ಕೊನೆಗೆ ರಾಜನ ಸಭೆಯಲ್ಲಿ ಒಬ್ಬರ ಹೆಸರು ಹೇಳಬೇಕು. ಹೊಡೆದಾಟ ನನ್ನ ಹೆಬ್ಬೆರಳುಗಳಿಗೆ ಒಗ್ಗುವ ವಿದ್ಯೆಯಲ್ಲ. ಸೇತುವೆ ಕೆಳಗಿನ ಒಂದು ದರಿದ್ರ ಪ್ರಾಣಿ ನನ್ನನ್ನು ಹನ್ನೊಂದು ದಿನ ಕೊಂದಿತು. ಆದರೂ ಬಿಡಲಿಲ್ಲ. ತಿಂಡಿ ಮುಗಿಸಿ ಹತ್ತು ಗಂಟೆಗೆ ಕೂತರೆ ಅಡುಗೆ ಹೊತ್ತಿನ ತನಕ ಆಡುತ್ತಿದ್ದೆ. ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್. ಕಂಡದ್ದೆಲ್ಲ ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರನೇ ಪುಟದಲ್ಲೇ ಹೀಗೆ ಬರೆದಿದ್ದೆ: "ಬೆಳಗ್ಗೆ ಹಿಂಬಾಗಿಲ ದೀಪದಲ್ಲಿ ಎಣ್ಣೆ ಹಾಗೇ ಇದೆ. ರಾತ್ರಿಯೆಲ್ಲ ಉರಿದಿದ್ದರೆ ಎಣ್ಣೆ ಹೇಗೆ ಉಳಿಯಿತು? ದೀಪ ಹಚ್ಚುವವನನ್ನು ಕೇಳಬೇಕು."

ಇವರೂ ಸೋಫಾದ ಇನ್ನೊಂದು ತುದಿಯಲ್ಲಿ ಕೂತು ನೋಡುತ್ತಿದ್ದರು. ಎಡಕ್ಕೆ ಹೋಗು, ಬಲಕ್ಕೆ ಹೋಗು ಅಂತ ಪ್ರಾಣ ತಿನ್ನುತ್ತಿದ್ದರು. ಲ್ಯಾಬಿನಲ್ಲಿ ಶುಗರ್ ಟೆಸ್ಟಿಗೆ ಬೆರಳು ಚುಚ್ಚಿದರೂ ಗೋಡೆ ಕಡೆ ಮುಖ ತಿರುಗಿಸುವ ಮನುಷ್ಯ. ಆದರೆ ಈ ಪ್ರಾಣಿಗಳು ಕತ್ತಿ ತಗುಲಿದರೆ ಹೊಗೆಯಾಗಿ ಹೋಗುತ್ತಿದ್ದವು. ಹಾಗಾಗಿ ಇವರಿಗೂ ನೋಡಲು ತೊಂದರೆಯಿರಲಿಲ್ಲ.

ಎರಡನೇ ವಾರದಲ್ಲಿ ನನಗೆ ಅನುಮಾನ ಶುರುವಾಯಿತು. ಆ ಕೋಟೆಯಲ್ಲಿ ಗಾಯಕ್ಕೆ ಮದ್ದು ಹಾಕುವ ಒಬ್ಬ ಮುದುಕಿ ಇದ್ದಳು. ನನಗೆ ಪೆಟ್ಟಾದಾಗಲೆಲ್ಲ ಹೋಗಬೇಕಾದದ್ದು ಅವಳ ಗುಡಿಸಲಿಗೇ. ಅವಳು ಪರದೆ ಮೇಲೆ ಬಂದ ತಕ್ಷಣ ನನ್ನ ಗಂಡ ಎದ್ದುಬಿಡುತ್ತಿದ್ದರು. ಒಂದು ದಿನ "ನೀರು ಕುಡಿದು ಬರ್ತೀನಿ." ಇನ್ನೊಂದು ದಿನ "ಸಂಪ್‌ಗೆ ನೀರು ಬಂತಾ ನೋಡ್ತೀನಿ." ಮತ್ತೊಂದು ದಿನ ಏನೂ ಹೇಳದೆ ಬಾಲ್ಕನಿಗೆ ಹೋಗಿ ಒಣಗದ ಬಟ್ಟೆ ತಂದು ಮಡಿಸತೊಡಗಿದರು. ಮುದುಕಿ ಮರೆಯಾದ ಮೇಲೆ "ಆಯ್ತಾ?" ಅಂತ ಇಣುಕಿ ನೋಡಿ ಬಂದು ಕೂರುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆಣೆ ಮುರಿದು ವಿಡಿಯೋ ನೋಡಿದ್ದಾರೆ, ಬಾಯಿ ಬಿಟ್ಟರೆ ನಾನು ಬಿಡುವುದಿಲ್ಲ ಅಂತ ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ! ಸುಮ್ಮನಿರಲೂ ಬಾರದ ಇವರು ಸುಮ್ಮನಿದ್ದೇ ಕಥೆ ಕೆಡಿಸಿದರಲ್ಲ ಅಂತ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೇಳಿ ಜಗಳ ತೆಗೆಯಬಹುದಿತ್ತು. ತೆಗೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ದೀಪದವನ ಹೆಸರಿನ ಕೆಳಗೆ ನಾಲ್ಕು ಸಾಕ್ಷಿ ಕೂಡಿದ್ದವು. ಆದರೆ ಗಂಡನ ಮುಖದಲ್ಲಿ ಬರೆದಿರುವಾಗ ನೋಟ್‌ಬುಕ್ ಯಾರಿಗೆ ಬೇಕು?

ಎರಡು ತಿಂಗಳಾಗುವ ಹೊತ್ತಿಗೆ ರಾಜನ ಸಭೆ ಬಂತು. ಒಂದು ಸಲ ಹೆಸರು ಹೇಳಿದರೆ ಬದಲಾಯಿಸುವಂತಿಲ್ಲ ಅಂತ ಆಟವೇ ಎಚ್ಚರಿಸಿತು. ಎಲ್ಲರ ಮುಖಗಳೂ ಸಾಲಾಗಿ ಬಂದವು. ಮುದುಕಿ ಬಂದದ್ದೇ ತಡ, ಇವರು ಎದ್ದು ಅಡುಗೆಮನೆಗೆ ನಡೆದರು. ಇನ್ನೇನು ಬೇಕು? ಮುದುಕಿಯ ಹೆಸರು ಒತ್ತಿದೆ.

ಅವಳನ್ನು ಕೋಟೆಯಿಂದ ಹೊರಕ್ಕೆ, ಆ ಪ್ರಾಣಿಗಳ ನಡುವೆ ತಳ್ಳಿದರು. ಹೋಗುವ ಮುಂಚೆ ಅವಳು ನನ್ನ ತೋಳಿನ ಗಾಯದ ಕಟ್ಟನ್ನು ಒಮ್ಮೆ ಸರಿಮಾಡಿದಳು. ಆಮೇಲೆ ಹಿಂಬಾಗಿಲ ಹತ್ತಿರ ದೀಪ ಹಚ್ಚುವವನು ಬಂದ. ಬತ್ತಿಯನ್ನು ಉಫ್ ಅಂತ ಆರಿಸಿದ. ಅಗುಳಿ ತೆಗೆದು ನನ್ನ ಕಡೆ ನೋಡಿ ನಕ್ಕ. ಅಷ್ಟಕ್ಕೇ ಆಟ ಮುಗಿಯಿತು.

ನಾನು ಕಿರುಚಿದ ಸದ್ದಿಗೆ ಇವರು ಸೌಟು ಹಿಡಿದುಕೊಂಡೇ ಓಡಿಬಂದರು.

"ರೀ, ಆ ಮುದುಕಿ ಬಂದಾಗಲೆಲ್ಲ ಯಾಕ್ರೀ ಎದ್ದು ಹೋಗ್ತಿದ್ರಿ?"

"ಸೂಜಿ ತೆಗೀತಾಳಲ್ಲೇ ಅವಳು! ಚರ್ಮಕ್ಕೆ ಹೊಲಿಗೆ ಹಾಕೋದನ್ನ ಯಾರು ನೋಡ್ತಾರೆ? ತಲೆ ಸುತ್ತತ್ತೆ ನಂಗೆ."

"ಮತ್ತೆ ಮೊಬೈಲಲ್ಲಿ ನೋಡಿದ್ದು?"

"ಎಲ್ಲೇ ನೋಡ್ದೆ? ಆಣೆ ಮಾಡಿರ್ಲಿಲ್ವಾ?" ಇವರಿಗೆ ನಿಜವಾಗಿಯೂ ನೋವಾಗಿತ್ತು. ತಕ್ಷಣ ಸೌಟು ಹಿಡಿದ ಕೈಯಲ್ಲೇ ಕಿವಿ ಮುಚ್ಚಿಕೊಂಡರು. "ಯಾರು ಅಂತ ಹೇಳ್ಬೇಡ! ಸೇನಾಪತಿ ಮೇಲೆ ನಂಗೆ ಡೌಟು. ನಾನೇ ನೋಡ್ತೀನಿ."

ಜೀವಮಾನದಲ್ಲಿ ಒಂದೇ ಸಲ ಮಾತು ಉಳಿಸಿಕೊಂಡ ಮನುಷ್ಯನ ಮೇಲೆ ಅಷ್ಟು ಕೋಪ ಬರಬಾರದಿತ್ತು. ಬಂತು. ಆಮೇಲೆ ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಹಂತಗಳೆಲ್ಲ ಸರಿಯಾಗಿ ಬರೆದಿಟ್ಟುಕೊಂಡು, ಕೊನೆಯ ಸಾಲಿಗೆ ಪಕ್ಕದವರ ಪೇಪರ್ ನೋಡಿದವಳು ನಾನು. ಅದೂ ಖಾಲಿ ಪೇಪರ್. ಮಗಳಿಗೆ ಫೋನ್ ಮಾಡಿ ಹಿಂದಕ್ಕೆ ಹೋಗಿ ಹೆಸರು ಬದಲಾಯಿಸಬಹುದಾ ಅಂತ ಕೇಳಿದೆ. "ಇಲ್ಲಮ್ಮ, ತಾನೇ ಸೇವ್ ಆಗ್ಬಿಟ್ಟಿರತ್ತೆ. ಮೊದಲಿಂದ ಆಡು" ಅಂದಳು. ಸೇತುವೆ ಕೆಳಗಿನ ಆ ಪ್ರಾಣಿ ನೆನಪಾಗಿ ಅಳು ಬಂತು.

ಆದರೂ ಸೋಮವಾರ ಹತ್ತು ಗಂಟೆಗೆ ಮತ್ತೆ ಶುರುಮಾಡಿದೆ. ಇವರು ಎಂದೂ ಇಲ್ಲದ ಉತ್ಸಾಹದಲ್ಲಿ ನನಗಿಂತ ಮೊದಲೇ ಬಂದು ಕೂತಿದ್ದರು. ಕೈಯಲ್ಲೊಂದು ಹೊಸ ನೋಟ್‌ಬುಕ್ ಬೇರೆ. ಕೋಟೆಯ ಬಾಗಿಲು ತೆರೆಯಿತು. ಮೊಟ್ಟಮೊದಲು ಎದುರಿಗೆ ಬಂದವನು ದೀಪ ಹಚ್ಚುವವನೇ. ನಗುನಗುತ್ತಾ ದಾರಿ ತೋರಿಸಿದ. ಆ ನಗು ಕಂಡದ್ದೇ ನನಗೆ ತಡೆಯಲಾಗಲಿಲ್ಲ. ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಇವರು ಇಷ್ಟು ವರ್ಷ ಹೇಗೆ ಒದ್ದಾಡಿರಬೇಕು ಅಂತ ಮೊದಲ ಸಲ ಅರ್ಥವಾಯಿತು. ಬಾಯಿ ಬಿಗಿಹಿಡಿದರೂ ಮುಖದಲ್ಲಿ ಕಾಣುತ್ತದೆ ಅನ್ನಿಸಿ, ಗೇಮಿನ ರಿಮೋಟ್ ಸೋಫಾದ ಮೇಲಿಟ್ಟು, "ಹಾಲು ಉಕ್ಕಿತೇನೋ" ಅಂತ ಎದ್ದೆ.

ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ.

"ಹಾಲು ಬೆಳಗ್ಗೇನೇ ಕಾಯಿಸಿ ಆಯ್ತಲ್ಲೇ?" ಅಂದರು ಹಿಂದಿನಿಂದ. ನಾನು ತಿರುಗಲಿಲ್ಲ. ಆಮೇಲೆ ನೋಟ್‌ಬುಕ್ ಪಟ್ಟಂತ ಮುಚ್ಚಿದ ಸದ್ದು ಕೇಳಿಸಿತು.

"ದೀಪದವನಾ? ಥೂ, ಹೇಳ್ಬಿಟ್ಯಲ್ಲೇ. ಒಂದೇ ಒಂದ್ಸಲ ಕೊನೇವರೆಗೂ ಕಾಯೋಣ ಅಂತಿದ್ದೆ."