ಗುಡುಗಿಗೆ ಜಾಗ ಬದಲಿಸುವ ಅಂಗಡಿ

ಗುಡುಗಿಗೆ ಹೆದರದ ಧೀರರು ನಮ್ಮ ಕಾಸರಗೋಡಿನಲ್ಲಿ ಇದ್ದಾರು. ಗುಡುಗಿದಾಗ ಪ್ಲಗ್ ಕೀಳದವರು ಮಾತ್ರ ಇಲ್ಲ. ಹಿಂಗಾರಿನ ತುಲಾ ತಿಂಗಳ ಮಧ್ಯಾಹ್ನ ಮೂಡಣ ಗುಡ್ಡದ ಮೇಲೆ ಮೋಡ ಒಮ್ಮೆ ಗಂಟಲು ಸರಿಪಡಿಸಿಕೊಂಡರೆ ಸಾಕು, ಫ್ರಿಜ್ಜು, ಟಿವಿ, ಮಿಕ್ಸಿಗಳ ಬಾಲಗಳೆಲ್ಲ ಗೋಡೆಯಿಂದ ಕಳಚಿ ನೇತಾಡುತ್ತವೆ. ನನ್ನ ಹೆಂಡತಿ ಶೈಲಜೆ ಈ ಶಾಸ್ತ್ರದಲ್ಲಿ ಪಾರಂಗತೆ. ಕಿತ್ತ ವಯರನ್ನು ಸುರುಳಿ ಸುತ್ತಿ, ಗೋಡೆಯಿಂದ ಒಂದು ಮಾರು ದೂರ ಇಡುತ್ತಾಳೆ. ಪ್ಲಗ್ಗು ತಾನೇ ತೆವಳಿಕೊಂಡು ಹೋಗಿ ಸಿಕ್ಕಿಕೊಂಡೀತೆಂಬ ಗುಮಾನಿ ಅವಳಿಗೆ.

ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ನಾನು ಮನೆಯೊಳಗಿನಿಂದ ಅಂಗಡಿ ನಡೆಸತೊಡಗುವವರೆಗೆ.

ನನ್ನದು ಹಳೆಯ ಬಾಗಿಲುಗಳ ವ್ಯಾಪಾರ. ಕೆಡವುವ ಮನೆಗಳಿಂದ ಹಲಸು, ತೇಗಗಳ ಬಾಗಿಲು, ದಾರಂದದ ಚೌಕಟ್ಟುಗಳನ್ನು ಚೌಕಾಶಿ ಮಾಡಿ ತರುವುದು, ಕಟ್ಟುವ ಮನೆಗಳಿಗೆ ಚೌಕಾಶಿಗೆ ಬಗ್ಗದೆ ಮಾರುವುದು. ಹೆದ್ದಾರಿ ಅಗಲವಾದಾಗ ರಸ್ತೆಬದಿಯ ಅಂಗಡಿ ಹೋಗಿ, ಸರಕೆಲ್ಲ ಮನೆಯ ಹಿಂದಿನ ಶೀಟಿನ ಮಾಡಿನಡಿ ಸೇರಿತು. ದಾರಿಹೋಕರ ಕಣ್ಣಿಗೆ ಬೀಳದ ಬಾಗಿಲಿಗೂ ಸೌದೆಗೂ ಹೆಚ್ಚು ವ್ಯತ್ಯಾಸವಿಲ್ಲ. ವೆಬ್‌ಸೈಟು ಮಾಡಿ, ಯಾವುದಾದರೂ ಕಂಪನಿಯ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಬಾಡಿಗೆಗೆ ಹಿಡಿಯಿರಿ ಎಂದರು ಹಿತೈಷಿಗಳು. ಬಾಡಿಗೆಯೆಂದರೆ ನನಗೆ ಮೈಯೆಲ್ಲ ತುರಿಕೆ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪೊಂದನ್ನು ಮನೆಯ ಬ್ರಾಡ್‌ಬ್ಯಾಂಡ್ ರೂಟರಿಗೆ ಜೋಡಿಸಿ, ತಿಂಗಳುಗಟ್ಟಲೆ ವಿಡಿಯೋ ನೋಡಿ, ಹೊರಗಿನವರು ಒಳಬರಲು ರೂಟರಿನಲ್ಲೊಂದು ಕಿಂಡಿ ತೆರೆದು, ಅರುವತ್ತು ಬಾಗಿಲುಗಳ ಚಿತ್ರಕ್ಕೂ ಸಂಖ್ಯೆ ಹಚ್ಚಿ, ಲೋಕಕ್ಕೆಲ್ಲ ಅಂಗಡಿ ತೆರೆದುಬಿಟ್ಟೆ. ಸೈಟಿಗೊಂದು ಹೆಸರು ಕೊಳ್ಳಬೇಕೆಂಬ ಮಾತನ್ನೂ ತಳ್ಳಿಹಾಕಿದೆ. ಮನೆಯ ಸಂಪರ್ಕಕ್ಕೆ ಅಂಕೆಗಳದ್ದೊಂದು ವಿಳಾಸ ಪುಕ್ಕಟೆ ಇರುವಾಗ ಹೆಸರೆಂಬ ಆಡಂಬರ ಯಾಕೆ? ಆ ಅಂಕೆಗಳನ್ನೇ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದೆ. ಸ್ವಂತ ಬುದ್ಧಿಯಿಂದ ಮೇಲೆ ಬಂದವನಿಗೆ ಇದೊಂದು ಕಷ್ಟ ನೋಡಿ: ಕೆಳಗೆ ಬೀಳುವಾಗಲೂ ಸ್ವಂತ ಬುದ್ಧಿಯಿಂದಲೇ ಬೀಳಬೇಕು.

ಮೊದಲ ದೊಡ್ಡ ಗಿರಾಕಿ ಶಾರ್ಜಾದ ಹಮೀದ್. ಉಪ್ಪಳದಲ್ಲಿ ಅವನ ಮನೆ ಏಳುತ್ತಿತ್ತು. ಇಡೀ ಮನೆಯ ಬಾಗಿಲುಗಳು ಬೇಕು. ಆರಿಸುವವರು ಅವನ ಬಳಿಯಿದ್ದ ತಾಯಿ, ಉಮ್ಮ. ಭಾನುವಾರ ಮೂರು ಗಂಟೆಗೆ ಸೈಟು ನೋಡುವುದು, ಸೋಮವಾರ ಉಪ್ಪಳದಲ್ಲಿ ಬಡಗಿ ದಾರಂದ ನಿಲ್ಲಿಸುವುದು ಎಂದು ಮಾತಾಗಿತ್ತು. ಈ ವ್ಯಾಪಾರವೂ ಕುದುರದಿದ್ದರೆ ಸರಕನ್ನೆಲ್ಲ ಒಟ್ಟಾಗಿ ಯಾರಿಗಾದರೂ ಕೊಟ್ಟು ಕೈತೊಳೆಯುವುದೆಂದು ಶೈಲಜೆಗೆ ಹೇಳಿಬಿಟ್ಟಿದ್ದೆ.

ಭಾನುವಾರ ಊಟ ಮುಗಿಸಿ ಸಣ್ಣ ನಿದ್ದೆ ತೆಗೆದೆ. ಎದ್ದದ್ದು ಹಮೀದನ ಫೋನಿಗೆ.

“ಅಣ್ಣ, ನಿಮ್ಮ ಅಂಗಡಿ ಬಂದ್ ಉಂಟಲ್ಲ!”

“ಎಂತ ಬಂದ್ ಮಾರಾಯ? ನನ್ನ ಮೊಬೈಲಲ್ಲಿ ಚಂದ ಕಾಣ್ತಾ ಉಂಟು.”

“ನಿಮ್ಮ ಬಾಗಿಲು ನಿಮಗೆ ಕಂಡು ಎಂತ ಪ್ರಯೋಜನ? ಇಲ್ಲಿ ಉಮ್ಮ ಕನ್ನಡಕ ಹಾಕಿ ಕೂತಿದ್ದಾರೆ. ಒಂದು ಗಂಟೆ ನೋಡ್ತೇನೆ. ಆಮೇಲೆ ಸ್ಟೀಲಿನ ಬಾಗಿಲಿಗೆ ಹೇಳುದೇ.”

ನಡೆದದ್ದು ಇಷ್ಟು. ನಾನು ಗೊರಕೆ ಹೊಡೆಯುವಾಗ ಗುಡುಗು ಬಂದಿತ್ತು, ಶೈಲಜೆ ರೂಟರಿನ ಪ್ಲಗ್ ಕಿತ್ತಿದ್ದಳು, ಮೋಡ ಸರಿದ ಮೇಲೆ ಎಲ್ಲವನ್ನೂ ಮತ್ತೆ ಚಾಲು ಮಾಡಿದ್ದಳು. ಆರಿ ಹೊತ್ತಿದ ರೂಟರಿಗೆ ಬ್ರಾಡ್‌ಬ್ಯಾಂಡ್ ಕಂಪನಿ ಹೊರಲೋಕದಲ್ಲಿ ಹೊಸ ಅಂಕೆಗಳ ವಿಳಾಸ ಕೊಟ್ಟಿತ್ತು. ಮನೆಯೊಳಗೆ ನಾನು ಬಳಸುವ ವಿಳಾಸವೇ ಬೇರೆಯಾದ್ದರಿಂದ ನನಗೆ ಎಲ್ಲವೂ ಸುಭಿಕ್ಷ. ಕಾರ್ಡಿನ ಅಂಕೆ ಹಿಡಿದು ಬಂದವನಿಗೆ ಮಾತ್ರ ಬರಿ ಬಯಲು.

ಹೆಂಡತಿಯ ಮೇಲೆ ಹಾರಾಡಿದೆ. ಅವಳು ಜಗ್ಗಲಿಲ್ಲ.

“ಗುಡುಗುವಾಗ ಪ್ಲಗ್ ತೆಗಿಯದೆ ಆರತಿ ಎತ್ಬೇಕಿತ್ತಾ? ಪಂಚಾಯತಿನವರು ವಾರ್ಡು ಬದಲಿಸಿ ನಮ್ಮ ಮನೆ ನಂಬರು ಎಷ್ಟು ಸಲ ಬದಲಾಗ್ಲಿಲ್ಲ? ಪೋಸ್ಟಿನವ ದಾರಿ ತಪ್ಪಿದ್ದುಂಟಾ? ನೆಲ್ಲಿಮೂಲೆ ಅಂತ ಮನೆ ಹೆಸರು ಬರೆದ್ರೆ ಸೀದಾ ಬರ್ತಾನೆ. ನಿಮ್ಮ ಅಂಗಡಿಗೆ ಒಂದು ಹೆಸರಿಡ್ಲಿಕ್ಕೆ ಎಂತ ರೋಗ?”

ಹಮೀದನಿಗೆ ಹೊಸ ಅಂಕೆ ಕಳಿಸಬಹುದಿತ್ತು. ಆದರೆ ಮೂಡಣದಲ್ಲಿ ಮೋಡ ಮತ್ತೆ ಸೇರುತ್ತಿತ್ತು, ಆ ಅಂಕೆಯ ಆಯುಸ್ಸೂ ಮುಂದಿನ ಗುಡುಗಿನವರೆಗೆ ಮಾತ್ರ. ಜೀವಮಾನದಲ್ಲಿ ಮೊದಲ ಬಾರಿ ಕೇಳಿದ ಬೆಲೆಗೆ, ತುಟಿ ಪಿಟಕ್ಕೆನ್ನದೆ, ನೆಲ್ಲಿಮೂಲೆಯ ಹೆಸರನ್ನೇ ಸೈಟಿಗೆ ಕೊಂಡೆ. ಯಂತ್ರದೊಡನೆ ಚೌಕಾಶಿ ನಡೆಯುವುದಿಲ್ಲ. ಅದಕ್ಕೆ ಮುಖದಾಕ್ಷಿಣ್ಯವೇ ಇಲ್ಲ. ಅಂಕೆ ಬದಲಾದಾಗಲೆಲ್ಲ ಲ್ಯಾಪ್‌ಟಾಪೇ ಆ ಹೆಸರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಿ ಹಮೀದನಿಗೆ ಹೆಸರು ಕಳಿಸುವಾಗ ಗಂಟೆ ತುಂಬಲು ಐದು ನಿಮಿಷವಿತ್ತು.

ಅಂಗಡಿ ತೆರೆಯಿತು. ಉಮ್ಮ ಒಂದೊಂದೇ ಬಾಗಿಲು ದೊಡ್ಡದು ಮಾಡಿ ನೋಡಿ, ಇಪ್ಪತ್ತಮೂರರಲ್ಲಿ ನಿಂತರು. ಫೋನಿನಲ್ಲಿ ಈಗ ಅವರದೇ ದನಿ: “ಇದು ಯಾರ ಮನೆದು ಮಗಾ?”

ಬಾಗಿಲು ಬಂದ ಮನೆ ಹೇಳಬಾರದು, ಹೇಳಿದರೆ ಗಿರಾಕಿ ಅಲ್ಲಿಗೇ ಹೋಗಿ ಮೂಲ ಬೆಲೆ ವಿಚಾರಿಸುತ್ತಾನೆ ಎಂಬುದು ನನ್ನ ದಂಧೆಯ ಮೊದಲ ಪಾಠ. ಅಂದು ಯಾಕೋ ಬಾಯಿ ಮೊದಲು ಓಡಿತು. “ಬಾಯಾರಿನ ಒಬ್ಬರು ಮೇಷ್ಟ್ರದ್ದು. ಪಕ್ಕದಲ್ಲೇ ಹೊಸ ಮನೆ ಕಟ್ಟಿ ಸುಖವಾಗಿದ್ದಾರೆ.”

“ಹಾಗಾದ್ರೆ ಆದೀತು,” ಎಂದರು ಉಮ್ಮ. “ಕಣ್ಣೀರು ಹಾಕಿ ಮಾರಿದ ಬಾಗಿಲು ನಮಗೆ ಬೇಡ. ಇದೇ ಮುಂಬಾಗಿಲಿಗೆ ಇರಲಿ. ಉಳಿದದ್ದೂ ಯಾರ್‍ಯಾರ ಮನೆದು, ಹೇಳು.”

ಹೇಳುತ್ತಾ ಹೋದೆ. ಸಂಜೆಗೆ ಎಂಟು ಬಾಗಿಲು ಉಪ್ಪಳದ ಲಾರಿ ಏರಿದವು.

ಬೇಡವೆಂದರೂ ಬುದ್ಧಿ ಹೇಳುವುದು ನನ್ನ ಚಾಳಿ. ಕೇಳಿಬಿಡಿ: ವಿಳಾಸ ಯಾರೋ ಕೊಟ್ಟದ್ದು, ಇಂದು ಇದ್ದೀತು, ನಾಳೆ ಹೋದೀತು. ಹೆಸರು ಮಾತ್ರ ಸ್ವಂತದ್ದಿರಲಿ. ಈಗ ಸೈಟಿನಲ್ಲಿ ಪ್ರತಿ ಬಾಗಿಲಿನಡಿ ಅದರ ಮನೆಯ ಹೆಸರು ಬರೆಯುತ್ತಿದ್ದೇನೆ. ಮೂವತ್ತೊಂದನೆಯದು ಅಡೂರಿನದ್ದು, ತಂದಾಗ ಬೆಲೆ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ನಾಳೆ ಹೋಗಿ, ಆ ಮನೆಯವರು ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ವಿಚಾರಿಸಿ ಬರಬೇಕು.