ತಸ್ಲೀಮ್ ಬಾನು ಹಾಕುವ ಸಹಿ

ಬೆಳಗಿನ ಐದೂವರೆ. ಮಲೆಬೆನ್ನೂರಿನ ಅಕ್ಕಿ ಗಿರಣಿಯಲ್ಲಿ ತಸ್ಲೀಮ್ ಬಾನು ಮೋಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ನೇಮ್‌ಪ್ಲೇಟಿಗೆ ಮೆತ್ತಿದ ತೌಡನ್ನು ದುಪಟ್ಟಾದ ಅಂಚಿನಿಂದ ಒರೆಸುತ್ತಿದ್ದಾರೆ. "ಚಾ ಕುಡೀರಿ ಮೇಡಂ, ಮಷಿನ್ ಎಲ್ಲಿಗೂ ಓಡಿ ಹೋಗಲ್ಲ" ಎನ್ನುತ್ತಾರೆ ಮಾಲೀಕ ಭರಮಣ್ಣ. ಕೇಳುವವರು ಯಾರು? "ಆರಿದ ಮಷಿನ್ ಶುರು ಆಗೋದು ನೋಡ್ಬೇಕ್ರಿ. ಬಿಸಿ ಆದ್ಮ್ಯಾಲೆ ಎಲ್ಲಾ ಮಷಿನೂ ಒಳ್ಳೇವೇ."

ಯಂತ್ರಗಳಿಗೆ ಬೆಲೆ ಕಟ್ಟುವುದು ಅವರ ಕಸುಬು. ಭರಮಣ್ಣ ಗಿರಣಿಯನ್ನು ಕಂಪನಿ ಮಾಡುತ್ತಿದ್ದಾರೆ. ಅದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು. ಅವರ ಆಡಿಟರ್ ಕಳಿಸಿದ್ದು ತಸ್ಲೀಮ್ ಅವರನ್ನು.

ದಾವಣಗೆರೆಯ ಕೆ.ಬಿ. ಬಡಾವಣೆಯ ಕಚೇರಿಯೊಂದರಲ್ಲಿ ಒಂಬತ್ತು ವರ್ಷ ದುಡಿದವರು ಇವರು. ಹರಿಹರದ ವರ್ಕ್‌ಶಾಪಿನಿಂದ ಹಳ್ಳಿಯ ಗಿರಣಿವರೆಗೆ ಮುನ್ನೂರಕ್ಕೂ ಹೆಚ್ಚು ಕಡೆ ಅಳೆದು, ನೋಡಿ, ವರದಿ ಬರೆದಿದ್ದಾರೆ. ಒಂದರ ಕೆಳಗೂ ಅವರ ಹೆಸರಿಲ್ಲ, ಸಹಿಯೆಲ್ಲ ಕಚೇರಿಯ ಹಿರಿಯರದು. "ನಾ ಹೆತ್ತ ಕೂಸಿಗೆ ಬ್ಯಾರೆಯೋರು ಹೆಸರಿಟ್ಟಂಗೆ ಆಗ್ತಿತ್ರಿ" ಎಂದು ನಗುತ್ತಾರೆ. ಆ ನಗುವಿನಲ್ಲಿ ಸಂಕಟವೂ ಇದೆ.

ಸ್ವಂತ ಸಹಿಯ ದಾರಿ ಉದ್ದದ್ದು. ಎಂಜಿನಿಯರಿಂಗ್ ಪದವಿ, ಆಮೇಲೆ ಐದು ವರ್ಷದ ಅನುಭವ, ಮೌಲ್ಯಮಾಪಕರ ಸಂಸ್ಥೆಯೊಂದರ ಸದಸ್ಯತ್ವ, ಐವತ್ತು ಗಂಟೆಯ ತರಗತಿ. ಅಷ್ಟೂ ಮುಗಿದ ಮೇಲೆ, ಮೌಲ್ಯಮಾಪಕರ ನೋಂದಣಿಯನ್ನೂ ನೋಡಿಕೊಳ್ಳುವ ಕೇಂದ್ರದ ದಿವಾಳಿತನ ಮಂಡಳಿಯ ಕಂಪ್ಯೂಟರ್ ಪರೀಕ್ಷೆ. ನೂರಕ್ಕೆ ಅರವತ್ತು ಬರಲೇಬೇಕು. ಪಾಸಾದರೆ ಸಂಸ್ಥೆಯ ಶಿಫಾರಸಿನೊಂದಿಗೆ ಅರ್ಜಿ; ಮಂಡಳಿ ಒಪ್ಪಿದರೆ ನೋಂದಣಿ ಸಂಖ್ಯೆ.

ಮೊದಲ ಸಲ ತಸ್ಲೀಮ್ ಫೇಲಾದರು, ಅದೂ ಎರಡೇ ಅಂಕದಿಂದ. ತಪ್ಪು ಉತ್ತರಕ್ಕೆ ಅಂಕ ಕಡಿತವೆಂದು ಗೊತ್ತಿದ್ದೂ ಒಂದು ಪ್ರಶ್ನೆಯನ್ನೂ ಬಿಟ್ಟಿರಲಿಲ್ಲ! ಅವರ ತಂದೆ ಕುತುಬುದ್ದೀನ್ ಅವರದು ಗುಜರಿ ಅಂಗಡಿ. "ಕೇಳ್ದೋರಿಗೆ ಬೆಲೆ ಹೇಳ್ದೆ ಕಳಿಸಿದ್ರೆ ಅವಮಾನ ಅಂತ ಅಬ್ಬಾ ಕಲ್ಸಿದ್ರು. ಪ್ರಶ್ನೆ ಕಂಡ ಕೂಡ್ಲೇ ಏನಾರ ಒಂದು ಹೇಳ್ಬಿಡೋದೇ ರೂಢಿ." ಎರಡನೇ ಸಲ ಹಲ್ಲು ಕಚ್ಚಿ ಹನ್ನೊಂದು ಪ್ರಶ್ನೆ ಖಾಲಿ ಬಿಟ್ಟರು. ಬಂದದ್ದು ಅರವತ್ನಾಲ್ಕು. ಸುದ್ದಿ ಕೇಳಿದ ಕುತುಬುದ್ದೀನ್, "ಹಂಗಾದ್ರೆ ಹೋದ್ಸಲ ಫೇಲ್ ಮಾಡಿದ್ದು ನಮ್ಮಂಗಡಿನೇ ಬಿಡವ್ವ" ಎಂದು ತಕ್ಕಡಿ ಬಿಟ್ಟೆದ್ದು ಓಣಿಗೆಲ್ಲ ಜಿಲೇಬಿ ಹಂಚಿದರು.

ನೋಂದಣಿ ಪತ್ರ ಬಂದದ್ದು ಹೋದ ತಿಂಗಳು. ಭರಮಣ್ಣನ ಗಿರಣಿಯದೇ ಅವರ ಹೆಸರು ಹೊತ್ತು ಹೊರಡಲಿರುವ ಮೊದಲ ವರದಿ.

ಬೆಲ್ಟು, ಬೇರಿಂಗು, ಭತ್ತದ ಸಿಪ್ಪೆ ಬಿಡಿಸುವ ಹಲ್ಲರುಗಳನ್ನೆಲ್ಲ ಮುಟ್ಟಿ ನೋಡಿಯಾಯಿತು. ಭರಮಣ್ಣ ಮತ್ತೆ ಗಡಿಯಾರ ನೋಡುತ್ತಾರೆ. "ಅಲ್ರಿ ಮೇಡಂ, ಸಹಿ ಹಾಕೋ ಸಾಹೇಬ್ರು ಎಷ್ಟೊತ್ತಿಗೆ ಬರ್ತಾರೆ? ಅವರು ಬರ್ಲಿ ಅಂತ ಕಾಯ್ತಿದ್ದೆ."

ತಸ್ಲೀಮ್ ಎದ್ದು ನಿಂತು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾರೆ.

"ಸಾಹೇಬ್ರು ಬಂದು ಒಂದು ತಾಸಾತ್ರಿ. ಸ್ವಿಚ್ ಹಾಕ್ರಿ."