ಹಿಂದಿನ ಚಕ್ರದ ನಿಂಬೆಹಣ್ಣು

ಗಂಜಾಮಿನ ಅಜ್ಮತ್ ಉಲ್ಲಾನಿಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರೆ. ಕೋಪವಲ್ಲ, ಅದು ಹೇಸಿಗೆ. ಇಪ್ಪತ್ತಾರು ವರ್ಷ ಟ್ರೈಲರ್ ಲಾರಿ ಓಡಿಸಿದವನ ಹೇಸಿಗೆ. ತಿರುವಿನಲ್ಲಿ ಎಡಗಡೆ ಸಂದಿಗೆ ಮೂತಿ ತೂರಿಸುವ ಕಾರು ಕಂಡರೆ ಹೇಸಿಗೆ. ಸ್ಟೇರಿಂಗ್ ಮುಟ್ಟದೆ ಬುದ್ಧಿ ಹೇಳುವವರನ್ನು ಕಂಡರಂತೂ ಅವತ್ತು ಊಟ ಸೇರದು.

ಅಂಥವನೊಬ್ಬ ಪಕ್ಕದ ಸೀಟಿನಲ್ಲೇ ಕೂತಿದ್ದ. ಕಂಪನಿಯ ಹೊಸ ಸೂಪರ್‌ವೈಸರ್ ಶಿವಶಂಕರ್, ನಾಗಮಂಗಲದವನು. ಬೆಳಿಗ್ಗೆ ಈ ಹೊಸ ಉದ್ದನೆಯ ಟ್ರೈಲರಿಗೆ ಪೂಜೆ ಮಾಡಿಸಿ, ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದ್ದ.

ಹೈವೇಯಿಂದ ಶ್ರೀರಂಗಪಟ್ಟಣಕ್ಕೆ ಇಳಿಯುವ ದಾರಿ ಎಡಕ್ಕೆ ಬಳಸಿಕೊಂಡು ಹೋಗುತ್ತದೆ, ಎರಡು ಸಾಲು. ಅಜ್ಮತ್ ಎಂದಿನಂತೆ ಬಲಸಾಲಿಗೆ ಹೊರಳಿಸತೊಡಗಿದ.

"ಎಡಕ್ಕೆ ತಗೊಳ್ರೀ ಸಾಬ್ರೇ! ಭಾರಿ ಗಾಡಿ ಎಡಗಡೆ ಅಂತ ಬೋರ್ಡ್ ಹಾಕವ್ರೆ. ಇಲ್ಲಾ, ಕೀ ಕೊಟ್ಟು ಮನೆಗೆ ನಡೀರಿ."

"ಅದು ನೆಟ್ಟಗಿರೋ ರಸ್ತೆಗೆ ಕಣ್ ಸಾರ್. ತಿರುವಲ್ಲಿ ಮುಂದ್ಲು ಚಕ್ರ ಓದ ದಾರೀಲಿ ಇಂದ್ಲು ಚಕ್ರ ಬರಾಕಿಲ್ಲ, ಒಳಕ್ಕೆ ಕುಯ್ಕಂಡು ಬತ್ತದೆ. ಅಲ್ಲಿ ದ್ಯಾವಕ್ಕ ಕೂತವ್ಳೆ."

"ಕತೆ ಬೇಡ. ಎಡಕ್ಕೋ, ಮನೆಗೋ?"

ಮನೆಯಲ್ಲಿ ದುಡಿಯುವವನು ಅಜ್ಮತ್ ಒಬ್ಬನೇ. ತಿರುವಿಗೆ ಮೊದಲೇ ಗಾಡಿ ನಿಲ್ಲಿಸಿ ಇಳಿದ.

ಕ್ಯಾತನಹಳ್ಳಿಯ ದ್ಯಾವಮ್ಮ ತಿರುವಿನ ಒಳಅಂಚಿನಲ್ಲಿ ಗೋಣಿಚೀಲ ಹಾಸಿ ಸೌತೆಕಾಯಿ ಮಾರುತ್ತಾಳೆ. ಗಾಡಿಗಳು ನಿಧಾನವಾಗುವುದೇ ಅಲ್ಲಿ. ಅವನು ಅವಳನ್ನೂ ಅವಳ ಬುಟ್ಟಿಯನ್ನೂ ದಿಬ್ಬಕ್ಕೆ ಹತ್ತಿಸಿ, ಸೌತೆಕಾಯಿಗೆ ಹಿಂಡಲು ಬುಟ್ಟಿಯಲ್ಲಿಟ್ಟಿದ್ದ ಒಂದು ನಿಂಬೆಹಣ್ಣು ತೆಗೆದು ಖಾಲಿ ಚೀಲದ ನಡುವೆ ಇಟ್ಟ.

"ಸಾರ್, ನೀವೂ ದಿಬ್ಬ ಅತ್ಕಳಿ. ಇಂದ್ಲು ಚಕ್ರಕ್ಕೆ ಪೂಜೆ ಆಗಿಲ್ಲ, ಈಗ ಆಯ್ತದೆ."

ಎಡಸಾಲಿನಲ್ಲಿ ನಡಿಗೆಯ ವೇಗಕ್ಕೆ ಗಾಡಿ ಬಿಟ್ಟ. ಮುಂದಿನ ಚಕ್ರ ರಸ್ತೆಯಂಚಿನ ಬಿಳಿಗೆರೆಯಿಂದ ದೂರವೇ ಉಳಿದು ಹೋಯಿತು. ಶಿವಶಂಕರ್ ನಕ್ಕ. ಆ ನಗು ಮುಗಿಯುವ ಮೊದಲೇ ಹಿಂದಿನ ಚಕ್ರಗಳು ಗೆರೆ ದಾಟಿ, ಅಂಚುಕಲ್ಲು ಹತ್ತಿ, ನಿಂಬೆಹಣ್ಣನ್ನು ಪಚಕ್ಕೆನಿಸಿ ಚೀಲವನ್ನು ಮಣ್ಣಿಗೆ ಅಂಟಿಸಿದವು.

"ಅಯ್ಯೋ ನನ್ನಪ್ಪನೇ, ನಾ ಕೂರೋ ಜಾಗ!" ದ್ಯಾವಮ್ಮ ಎದೆ ಹಿಡಿದುಕೊಂಡಳು.

ಶಿವಶಂಕರ್ ಗಂಟಲು ಸರಿಮಾಡಿಕೊಂಡ. "ಅಂಗಾದ್ರೆ ಈ ಅಜ್ಜೀನ ಎಬ್ಸಿದ್ರಾಯ್ತು. ಎಡಗಡೆನೇ ಬನ್ನಿ."

ಗಾಡಿ ನಿಲ್ಲಿಸಿ ಇಳಿದು ಬಂದಿದ್ದ ಅಜ್ಮತ್‌ಗೆ ಬಾಯೆಲ್ಲ ಕಹಿಯಾಯಿತು. "ಥೂ! ಇವತ್ತು ಅಜ್ಜಿ, ನಾಳೆ ಸ್ಕೂಟ್ರಲ್ಲಿ ಬರೋ ಯಾರ್ದೋ ಮಗ. ಎಷ್ಟು ಜನನ ಎಬ್ಬುಸ್ತೀಯ? ತಗೋ ನಿನ್ ಕೀ, ನೀನೇ ಓಡ್ಸ್ಕೋ!"

ಅಂಗೈಗೆ ಕೀ ತುರುಕಿ ದಿಬ್ಬದ ಮೇಲೆ ಕೂತು ಸೌತೆಕಾಯಿ ಕಡಿಯತೊಡಗಿದ. ಟ್ರೈಲರು ತಿರುವಿಗೆ ಅಡ್ಡವಾಗಿ ನಿಂತಿತ್ತು. ಹಿಂದೆ ಹಾರ್ನುಗಳ ಸಂತೆ. ಶಿವಶಂಕರ್‌ಗೆ ಓಡಿಸಲು ಬರುವುದು ಬೈಕು ಮಾತ್ರ. ಕೀಯನ್ನೂ ಗಾಡಿಯನ್ನೂ ಎರಡೆರಡು ಸಲ ನೋಡಿದ.

"ಓಗ್ಲಿ ಬುಡಿ ಅಜ್ಮತಣ್ಣ. ಇನ್ಮೇಲೆ ಬಲಗಡೆನೇ ತಗೊಳಿ. ಆಫೀಸಿಗೆ ನಾ ಏಳ್ಕತೀನಿ."

ಅಜ್ಮತ್ ಕೀ ಇಸಿದುಕೊಂಡು, ಚರಂಡಿಯಿಂದ ಎತ್ತಿದಂತೆ ಲುಂಗಿಗೆ ಒರೆಸಿದ. ತಿರುಗಿ ನೋಡಿದರೆ ದ್ಯಾವಮ್ಮ ಚೀಲ ಕೊಡವಿ ಅದೇ ಜಾಗದಲ್ಲಿ ಹಾಸುತ್ತಿದ್ದಾಳೆ!

"ನೀ ಬಲಗಡೆ ಓಯ್ತೀಯಲ್ಲ ಸಾಬಣ್ಣ, ನಂಗೇನು?"

ಅವನು ಹಿಂದೆ ಸಾಲುಗಟ್ಟಿದ್ದ ಲಾರಿಗಳನ್ನೊಮ್ಮೆ ನೋಡಿ, ಚೀಲವನ್ನು ಕಿತ್ತು ದಿಬ್ಬದ ಮೇಲಕ್ಕೆಸೆದು ಗಾಡಿ ಹತ್ತಿದ. ತಿರುವು ಮುಗಿಯುವವರೆಗೂ ಅವಳ ಬೈಗುಳ ಕೇಳುತ್ತಿತ್ತು.